ಮೊದಲ ಹಂತದಲ್ಲೇ ನಿರ್ಗಮಿಸಿದವರ ಬಗೆಗೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಒಲಿಂಪಿಕ್ಸ್ ನಡೆಯುವ ದಿನಗಳಲ್ಲಿ ನಮ್ಮ ಪತ್ರಿಕೆಗಳ ಕ್ರೀಡಾಪುಟದ ಒಂದು ಅಂಚಿನಲ್ಲಿ ಹಿಂದಿನ ದಿನದ ಫಲಿತಾಂಶಗಳು ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತವೆ. ಗೆದ್ದವರ ಹೆಸರು, ಸೋತವರ ಹೆಸರು, ಅಂಕಗಳು. ಸೋತವರು ನಮ್ಮ ದೇಶದವರಾದರೆ ಎರಡು ಸಾಲು ಹೆಚ್ಚು ಸಿಗುತ್ತದೆ, ಬೇರೆ ದೇಶದವರಾದರೆ ಅದೂ ಇಲ್ಲ. ಬ್ಯಾಡ್ಮಿಂಟನ್ನಿನ ಇಂಥ ಪಟ್ಟಿಗಳಲ್ಲಿ ಮೂರು ಬಾರಿ, 2008ರ ಬೀಜಿಂಗ್, 2012ರ ಲಂಡನ್ ಮತ್ತು 2021ರಲ್ಲಿ ನಡೆದ ಟೋಕಿಯೊ ಕೂಟಗಳಲ್ಲಿ, ಈಜಿಪ್ಟಿನ ಹಾದಿಯಾ ಹೊಸ್ನಿ ಅವರ ಹೆಸರು ಬಂದಿದೆ. ಮೂರು ಸಲವೂ ಅವರು ಮೊದಲ ಹಂತವನ್ನು ದಾಟಲಿಲ್ಲ. ಪಟ್ಟಿಯನ್ನು ಮಾತ್ರ ಓದಿದವರಿಗೆ ಅಲ್ಲಿಗೆ ವಿಷಯ ಮುಗಿದಂತೆ. ಔಷಧ ವಿಜ್ಞಾನ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಫಾರ್ಮಕಾಲಜಿ (ಮದ್ದು ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ) ಕಲಿಸುತ್ತಿರುವ, ಒಂದು ಕಾಲದಲ್ಲಿ ಕಾಲೇಜು ತಂಡದಲ್ಲಿ ಷಟಲ್ ಆಡಿದ ನನಗೆ ಆ ಹೆಸರು ಬೇರೆಯೇ ಕಾರಣಕ್ಕೆ ಮನಸ್ಸಿನಲ್ಲಿ ನಿಂತಿದೆ. ಏಕೆಂದರೆ ಹಾದಿಯಾ ಹೊಸ್ನಿ ನನ್ನ ವಿಷಯದವರೇ. ಕೈರೋದ ಪೂರ್ವಕ್ಕಿರುವ ಶೆರೂಕ್ ನಗರದ ಬ್ರಿಟಿಷ್ ಯೂನಿವರ್ಸಿಟಿ ಇನ್ ಈಜಿಪ್ಟ್‌ನಲ್ಲಿ ಅವರು ಫಾರ್ಮಕಾಲಜಿ ಮತ್ತು ಟಾಕ್ಸಿಕಾಲಜಿಯ, ಅಂದರೆ ವಿಷವಿಜ್ಞಾನದ, ಅಧ್ಯಾಪಕರು.

ಬೀಜಿಂಗಿಗೆ ಹೋದಾಗ ಅವರಿಗೆ ತುಂಬಿದ್ದು ಇಪ್ಪತ್ತು ವರ್ಷ. ಟೋಕಿಯೊ ಕೂಟ ನಡೆಯುತ್ತಿದ್ದಾಗಲೇ, ಜುಲೈ 30ರಂದು, ಮೂವತ್ತಮೂರು ತುಂಬಿತು. ಈ ಹದಿಮೂರು ವರ್ಷಗಳ ನಡುವೆ ಅವರು ಸ್ನಾತಕೋತ್ತರ ಪದವಿ ಪಡೆದರು, ಡಾಕ್ಟರೇಟ್ ಮುಗಿಸಿದರು, ಪಾಠ ಮಾಡಿದರು, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಓದಿನ ಜೊತೆಗೆ ತರಬೇತಿಯನ್ನೂ ಪಡೆದರು, 2021ರಲ್ಲಿ ಈಜಿಪ್ಟಿನ ಸಂಸತ್ತಿನ ಸದಸ್ಯರೂ ಆದರು. ಸಾಧನೆಗಳನ್ನು ಹೀಗೆ ಒಂದೇ ವಾಕ್ಯದಲ್ಲಿ ಪೋಣಿಸಿದರೆ ಓದುಗರು "ಅದ್ಭುತ ಛಲ" ಎಂದು ಮೆಚ್ಚಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಆದರೆ ಛಲ ಎಂಬ ಒಂದೇ ಪದದಿಂದ ಇದನ್ನು ವಿವರಿಸುವುದನ್ನು ನಾನು ಒಪ್ಪುವುದಿಲ್ಲ. ಕ್ರೀಡೆ ಮತ್ತು ಪ್ರಯೋಗಾಲಯ ಎರಡೂ ಮನುಷ್ಯರಿಂದ ಕೇಳುವುದು ಮುಖ್ಯವಾಗಿ ದಿನಗಳನ್ನು, ತಾರೀಖುಗಳನ್ನು. ಆ ತಾರೀಖುಗಳ ಲೆಕ್ಕವನ್ನು ನಿಮ್ಮ ಓದುಗರ ಮುಂದಿಡಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಈಜಿಪ್ಟಿನಲ್ಲಿ ಪ್ರೌಢಶಿಕ್ಷಣದ ಕೊನೆಯಲ್ಲಿ ದೇಶವಿಡೀ ಒಟ್ಟಿಗೆ ಬರೆಯುವ ಒಂದು ಪರೀಕ್ಷೆಯಿದೆ. ಅದರ ಹೆಸರು ಸಾನವಿಯಾ ಆಮ್ಮಾ. ನಮ್ಮ ದ್ವಿತೀಯ ಪಿಯುಸಿ ಮತ್ತು ಸಿಇಟಿಗಳ ಭಾರವನ್ನು ಒಂದೇ ಮೂಟೆಯಲ್ಲಿ ಕಟ್ಟಿದರೆ ಎಷ್ಟಾಗುತ್ತದೋ ಅಷ್ಟು ಭಾರ ಅದಕ್ಕಿದೆ. ಅದರಲ್ಲಿ ಬಂದ ಅಂಕಗಳನ್ನು ಹಿಡಿದು, ತನ್ಸೀಕ್ ಎಂದು ಕರೆಯುವ ಸರ್ಕಾರಿ ಸೀಟು ಹಂಚಿಕೆಯ ವ್ಯವಸ್ಥೆಯು ಯಾರು ಯಾವ ಕಾಲೇಜಿಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತದೆ. ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ, ಎಂಜಿನಿಯರಿಂಗ್ ಮೊದಲಾದವನ್ನು ಅಲ್ಲಿನವರು 'ಶಿಖರದ ಕಾಲೇಜುಗಳು' ಎಂದೇ ಕರೆಯುತ್ತಾರೆ. ಆ ವರ್ಷ ಮನೆಯಲ್ಲಿ ಟಿವಿ ಬಂದ್, ನೆಂಟರ ಮನೆಯ ಮದುವೆಗೂ ಹೋಗುವಂತಿಲ್ಲ, ಸಂಜೆಯೆಲ್ಲ ಮನೆಪಾಠ. ಕರ್ನಾಟಕದ ತಂದೆತಾಯಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಈ ಪರೀಕ್ಷೆಯೂ ಕ್ರೀಡೆಯೂ ಎದುರುಬದುರಾದಾಗ ಏನಾಗುತ್ತದೆ ಎಂಬುದಕ್ಕೆ ವೇಟ್‌ಲಿಫ್ಟರ್ ಸಾರಾ ಅಹ್ಮದ್ ಅವರ ಉದಾಹರಣೆಯಿದೆ. 2016ರ ರಿಯೊ ಕೂಟದಲ್ಲಿ 69 ಕಿಲೋ ವಿಭಾಗದಲ್ಲಿ ಕಂಚು ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಒಲಿಂಪಿಕ್ಸ್ ತಯಾರಿಯ ಕಾರಣಕ್ಕೆ ಅವರಿಗೆ ಆ ವರ್ಷದ ಸಾನವಿಯಾ ಆಮ್ಮಾ ಪರೀಕ್ಷೆ ತಪ್ಪಿಹೋಗಿತ್ತು; ಪದಕ ತಂದ ಮೇಲೆ ಆ ಸಂಗತಿ ಈಜಿಪ್ಟಿನಲ್ಲಿ ದೊಡ್ಡ ಚರ್ಚೆಯಾಯಿತು. ಮುಂದೆ 2024ರ ಪ್ಯಾರಿಸ್ ಕೂಟದಲ್ಲಿ ಅವರು 81 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಪದಕ ಬಂದುದರಿಂದ ಆ ಪರೀಕ್ಷೆಯ ಮಾತು ಹೊರಗೆ ಬಂತು. ಪದಕ ಬಾರದೇ ಹೋಗಿದ್ದರೆ ಪರೀಕ್ಷೆ ಬರೆಯದ ಒಬ್ಬ ಹುಡುಗಿ ಎಂಬಷ್ಟಕ್ಕೆ ಅವರ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಉಳಿಯುತ್ತಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾದಿಯಾ ಅವರು ಶಿಖರದ ಕಾಲೇಜುಗಳಲ್ಲೊಂದಾದ ಫಾರ್ಮಸಿಯನ್ನು ಹಿಡಿದರು, ಷಟಲ್ ರ‍್ಯಾಕೆಟನ್ನೂ ಬಿಡಲಿಲ್ಲ. ಬಿಡದಿರುವುದು ಎಂದರೆ ಏನೆಂದು ನೋಡೋಣ. ಒಲಿಂಪಿಕ್ಸ್‌ಗೆ ಅರ್ಹತೆ ಸಿಗುವುದು ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ರ‍್ಯಾಂಕಿಂಗ್ ಮೇಲೆ. ಹಿಂದಿನ ಐವತ್ತೆರಡು ವಾರಗಳಲ್ಲಿ ಆಡಿದ ಟೂರ್ನಿಗಳ ಪೈಕಿ ಅತ್ಯುತ್ತಮ ಹತ್ತರ ಅಂಕಗಳನ್ನು ಕೂಡಿಸಿ ರ‍್ಯಾಂಕಿಂಗ್ ಕಟ್ಟುತ್ತಾರೆ. ಒಂದು ವಾರದ ಅಂಕ ವರ್ಷ ತುಂಬಿದ ಕೂಡಲೇ ಕಳಚಿ ಬೀಳುತ್ತದೆ. ಅದರ ಜಾಗ ತುಂಬಲು ಮತ್ತೆ ಆಡಬೇಕು. ಆಫ್ರಿಕಾದ ಆಟಗಾರ್ತಿಗೆ ಈ ಹತ್ತು ಟೂರ್ನಿಗಳು ಒಂದೇ ಊರಿನಲ್ಲಿ ಸಿಗುವುದಿಲ್ಲ. ಕೈರೋದಲ್ಲಿ ಒಂದು, ಉಗಾಂಡಾದ ಕಂಪಾಲದಲ್ಲಿ ಒಂದು, ಜಾಂಬಿಯಾದ ಲುಸಾಕದಲ್ಲಿ ಒಂದು, ಮಾರಿಷಸ್‌ನಲ್ಲಿ ಒಂದು, ನೈಜೀರಿಯಾದ ಲಾಗೋಸ್‌ನಲ್ಲಿ ಒಂದು, ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು. ಆ ಖಂಡದ ಉದ್ದಗಲ ನೆನಪಿಸಿಕೊಂಡರೆ, ಒಂದು ವಾರದ ಟೂರ್ನಿಗೆ ಹೋಗಿ ಬರುವ ದಾರಿಯೇ ಎಷ್ಟು ದಿನ ನುಂಗುತ್ತದೆ ಎಂಬುದು ತಿಳಿಯುತ್ತದೆ. ಈ ಮಟ್ಟದ ಟೂರ್ನಿಗಳಲ್ಲಿ ಗೆದ್ದವರಿಗೆ ಸಿಗುವ ಹಣದಿಂದ ಬದುಕು ಸಾಗಿಸಲು ಸಾಧ್ಯವೇ ಇಲ್ಲ. ಹೀಗಿರುವಾಗ ಸಂಬಳವಿರುವ ಅಧ್ಯಾಪಕ ಹುದ್ದೆ ಆಟಕ್ಕೆ ಅಡ್ಡಿ ಎಂದು ಹೇಳುವವರು, ಆ ಹುದ್ದೆಯಿಲ್ಲದಿದ್ದರೆ ಹದಿಮೂರು ವರ್ಷ ಆಟ ಉಳಿಯುತ್ತಿತ್ತೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇನ್ನು ಪ್ರಯೋಗಾಲಯದ ಕ್ಯಾಲೆಂಡರ್. ಅವರ ಸಂಶೋಧನೆಯ ವಿವರಗಳಿಗೆ ನಾನು ಹೋಗುವುದಿಲ್ಲ. ನಮ್ಮ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸವನ್ನಷ್ಟೇ ಹೇಳುತ್ತೇನೆ. ಒಂದು ಔಷಧವನ್ನು ಪದೇ ಪದೇ ಕೊಟ್ಟರೆ ಯಕೃತ್ತಿಗೆ, ಮೂತ್ರಪಿಂಡಕ್ಕೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಇಲಿಗಳಿಗೆ ಇಪ್ಪತ್ತೆಂಟು ದಿನ, ಕೆಲವೊಮ್ಮೆ ತೊಂಬತ್ತು ದಿನ, ದಿನವೂ ಅದೇ ಹೊತ್ತಿಗೆ ಅದನ್ನು ಕೊಡಬೇಕು. ತೂಕ ಏರಿತೋ ಇಳಿಯಿತೋ ನೋಡಬೇಕು, ಮೇವು ನೀರು ಎಷ್ಟು ಖರ್ಚಾಯಿತೆಂದು ಬರೆಯಬೇಕು. ಹಬ್ಬವಿರಲಿ, ಜ್ವರವಿರಲಿ, ಹದಿನೇಳನೆಯ ದಿನದ ಡೋಸ್ ತಪ್ಪಿದರೆ ಹಿಂದಿನ ಹದಿನಾರು ದಿನಗಳ ಕೆಲಸ ನೀರಿನಲ್ಲಿ ಮಾಡಿದ ಹೋಮ. ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ನಾನು ದೀಪಾವಳಿಯ ಅಭ್ಯಂಜನದ ಎಣ್ಣೆ ಆರುವ ಮೊದಲೇ ಪ್ರಾಣಿಗಳ ಕೋಣೆಯ ಬೀಗ ತೆಗೆದದ್ದುಂಟು. ಐವತ್ತೆರಡು ವಾರಗಳಲ್ಲಿ ಹತ್ತು ಟೂರ್ನಿ ಎಂಬ ಲೆಕ್ಕವನ್ನೂ, ಇಪ್ಪತ್ತೆಂಟು ದಿನ ಕದಲದೆ ಕೂರಬೇಕೆಂಬ ಲೆಕ್ಕವನ್ನೂ ಒಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಎರಡೂ ಕೂಡಬೇಕಾದರೆ ಬೆಳಗಿನ ಜಾವ ಬೇಗ ಏಳುವುದರಿಂದ ಮಾತ್ರ ಆಗುವುದಿಲ್ಲ. ಮಾರ್ಗದರ್ಶಕರು ಒಪ್ಪಬೇಕು, ವಿಭಾಗದವರು ತರಗತಿಗಳನ್ನು ಹಂಚಿಕೊಳ್ಳಬೇಕು, ಹದಿನೇಳನೆಯ ದಿನದ ಡೋಸ್ ಕೊಡಲು ನಂಬಿಗಸ್ತ ಸಹೋದ್ಯೋಗಿಯೊಬ್ಬರು ಇರಬೇಕು. ಕೆಲವೊಮ್ಮೆ ಎರಡರಲ್ಲೊಂದನ್ನು ಒಂದಷ್ಟು ಕಾಲ ಪಕ್ಕಕ್ಕಿಡಬೇಕು.

ಹಾದಿಯಾ 2016ರ ರಿಯೊ ಕೂಟದಲ್ಲಿ ಆಡಲಿಲ್ಲ. ಲಂಡನ್ನಿಗೂ ಟೋಕಿಯೊಗೂ ನಡುವೆ ಒಂಬತ್ತು ವರ್ಷ. ಕ್ರೀಡಾ ಬರವಣಿಗೆಯಲ್ಲಿ ಇಂಥ ಅಂತರವನ್ನು ಸೋಲು, ಗಾಯ ಅಥವಾ ನಿವೃತ್ತಿ ಎಂದು ಓದುವುದು ರೂಢಿ. ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರು ಅದೇ ಅಂತರವನ್ನು ನೋಡಿದರೆ, ಒಬ್ಬ ಅಧ್ಯಾಪಕಿ ಬೆಳೆಯಲು ಬೇಕಾಗುವ ಕಾಲ ಸರಿಸುಮಾರು ಇಷ್ಟೇ ಅಲ್ಲವೇ ಎನ್ನುತ್ತಾರೆ. ಒಂದು ಕೂಟ ತಪ್ಪಿದ್ದನ್ನು ಹೊರಗಿನವರು ಸೋಲೆಂದು ಬಗೆದರೂ, ಮತ್ತೆ ಅಂಗಳಕ್ಕೆ ಇಳಿಯುವ ದಾರಿಯನ್ನು ಅವರು ಮುಚ್ಚಿಕೊಳ್ಳಲಿಲ್ಲ. ಟೋಕಿಯೊದಲ್ಲಿ ಒಲಿಂಪಿಕ್ಸ್‌ಗೆ ಮರಳಿ ಬಂದಾಗ ಸಿಂಗಲ್ಸ್ ಬಿಟ್ಟು ಡಬಲ್ಸ್ ಆಡಿದರು. ಜೊತೆಗಾರ್ತಿ ದೋಹಾ ಹಾನಿ, ವಯಸ್ಸಿನಲ್ಲಿ ಸುಮಾರು ಒಂಬತ್ತು ವರ್ಷ ಕಿರಿಯರು. ಷಟಲ್ ಆಡಿದವರಿಗೆ ಈ ಬದಲಾವಣೆಯ ಜಾಣತನ ಅರ್ಥವಾಗುತ್ತದೆ. ಸಿಂಗಲ್ಸ್‌ನಲ್ಲಿ ಇಡೀ ಅಂಗಳವನ್ನು ಒಬ್ಬರೇ ಓಡಬೇಕು, ಮೊಣಕಾಲಿಗೆ ವಯಸ್ಸಾಗುವುದು ಅಲ್ಲೇ ಮೊದಲು. ಡಬಲ್ಸ್‌ನಲ್ಲಿ ಸರ್ವೀಸು, ಅದನ್ನು ಎತ್ತಿಕೊಳ್ಳುವ ಮೊದಲ ಹೊಡೆತ, ನೆಟ್ಟಿನ ಬಳಿ ನಿಲ್ಲುವ ಜಾಗ, ಜೊತೆಗಾರ್ತಿ ಎಡಕ್ಕೆ ಸರಿದಾಗ ತಾನು ಎಲ್ಲಿರಬೇಕೆಂಬ ಅರಿವು, ಇವು ಕಾಲಿನ ವೇಗದಷ್ಟೇ ಬೆಲೆಬಾಳುತ್ತವೆ. ಆದರೆ ಡಬಲ್ಸ್ ಇನ್ನೊಂದು ಕಷ್ಟವನ್ನೂ ತರುತ್ತದೆ. ಇಬ್ಬರ ಕ್ಯಾಲೆಂಡರೂ ಕೂಡಬೇಕು.

ಟೋಕಿಯೊ ಒಲಿಂಪಿಕ್ಸ್‌ನ ಡಬಲ್ಸ್‌ಗೆ ಜಗತ್ತಿನಿಂದ ಹದಿನಾರು ಜೋಡಿಗಳಿಗೆ ಮಾತ್ರ ಜಾಗವಿತ್ತು. ಪ್ರತಿ ಖಂಡಕ್ಕೂ ಕನಿಷ್ಠ ಒಂದು ಜೋಡಿಯೆಂಬ ನಿಯಮವಿರುವುದರಿಂದ ಆಫ್ರಿಕಾದಲ್ಲಿ ಮೊದಲಿಗರಾದವರಿಗೆ ಅವಕಾಶ. ಅರ್ಹತೆಯ ಓಟ 2019ರ ಏಪ್ರಿಲ್ ಕೊನೆಯಲ್ಲಿ ಶುರುವಾಯಿತು; ಒಂದು ವರ್ಷದಲ್ಲಿ ಮುಗಿಯಬೇಕಿದ್ದದ್ದು ಕೊರೊನಾದಿಂದ ನಡುವೆ ನಿಂತು, 2021ರ ಜೂನ್‌ವರೆಗೆ ಎಳೆಯಿತು. ಆ ಎರಡು ವರ್ಷ ನಾವು ಅಧ್ಯಾಪಕರು ಹೇಗಿದ್ದೆವೆಂದು ನನಗೆ ಗೊತ್ತಿದೆ: ಕಂಪ್ಯೂಟರಿನ ಪರದೆಯ ಮುಂದೆ ಕುಳಿತು, ಮುಖ ಕಾಣದ ಮಕ್ಕಳಿಗೆ ಪಾಠ ಹೇಳುತ್ತಾ. ಅಂಥ ಕಾಲದಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ನಡೆಯುವುದೋ ಇಲ್ಲವೋ ಗೊತ್ತಿಲ್ಲದ ಕೂಟಕ್ಕಾಗಿ ಮೈಯನ್ನು ಹದವಾಗಿಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಟೋಕಿಯೊದ ಮುಸಾಶಿನೊ ಅಂಗಳದಲ್ಲಿ ಆ ಜೋಡಿ ಗುಂಪಿನ ಹಂತದಲ್ಲೇ ಹೊರಬಿತ್ತು ಎಂಬುದು ನಿಜ. ಅಲ್ಲಿಗೆ ಹೋಗಿ ನಿಂತ ಹದಿನಾರು ಜೋಡಿಗಳಲ್ಲಿ ಅವರದೂ ಒಂದು ಎಂಬುದೂ ಅಷ್ಟೇ ನಿಜ.

ಕ್ರೀಡೆಗೂ ನಮ್ಮ ವಿಷಯಕ್ಕೂ ಇರುವ ಒಂದು ನೇರ ಸಂಬಂಧವನ್ನು ಇಲ್ಲಿ ಹೇಳದೆ ಇರಲಾರೆ. ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿ ಪ್ರತಿವರ್ಷ ಜನವರಿ 1ರಂದು ಹೊಸದಾಗಿ ಜಾರಿಗೆ ಬರುತ್ತದೆ. ನೆಗಡಿಗೆಂದು ನಾವು ನುಂಗುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಎಂಬ ಸಾಮಾನ್ಯ ಮದ್ದು ಪಂದ್ಯದ ದಿನ ಮೂತ್ರದಲ್ಲಿ ಮಿಲಿಲೀಟರಿಗೆ 150 ಮೈಕ್ರೊಗ್ರಾಂ ಮೀರಿದರೆ ಆಟಗಾರರು ತಪ್ಪಿತಸ್ಥರು. ಮೋಸ ಮಾಡುವ ಉದ್ದೇಶವೇ ಇಲ್ಲದೆ, ಮೂಗು ಸೋರಿತೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿದವರೂ ಹೀಗೆ ಸಿಕ್ಕಿಬೀಳಬಹುದು. ಒಂದು ಮದ್ದು ಮೈಯಲ್ಲಿ ಎಷ್ಟು ಹೊತ್ತು ಇರುತ್ತದೆ, ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂಬುದು ನಮ್ಮಲ್ಲಿ ಮೊದಲ ವರ್ಷಗಳಲ್ಲೇ ಕಲಿಸುವ ಪಾಠ. ಆಟಗಾರ್ತಿಯೇ ಫಾರ್ಮಕಾಲಜಿಯ ಅಧ್ಯಾಪಕಿಯಾಗಿದ್ದರೆ ಆ ಜ್ಞಾನ ತಂಡದ ಕಿರಿಯರಿಗೂ ಒಂದು ರಕ್ಷೆ. ತರಗತಿಯಲ್ಲಿ ಕುಳಿತ ಮಕ್ಕಳಿಗೆ ಅದೇ ಪಾಠ ಜೀವಂತ ಉದಾಹರಣೆ. ನಾನು ಈ ಭಾಗ ಕಲಿಸುವಾಗ ಕ್ರೀಡೆಯ ಉದಾಹರಣೆ ತೆಗೆದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಓದೂ ಆಟವೂ ಒಂದರ ಅನ್ನವನ್ನು ಒಂದು ಕಸಿದುಕೊಳ್ಳುತ್ತವೆ ಎಂಬ ನಂಬಿಕೆಯನ್ನು ಒಪ್ಪಲು ನನ್ನ ಈ ಅನುಭವವೂ ಬಿಡುವುದಿಲ್ಲ.

ಈಜಿಪ್ಟಿನಲ್ಲಿ ಹಾದಿಯಾ ಒಬ್ಬರೇ ಹೀಗಲ್ಲ. ಕತ್ತಿವರಸೆಯ ನದಾ ಹಾಫೆಜ್ ವೈದ್ಯಕೀಯ ಓದಿದವರು. 2024ರ ಪ್ಯಾರಿಸ್ ಕೂಟದಲ್ಲಿ ಏಳು ತಿಂಗಳ ಗರ್ಭಿಣಿಯಾಗಿ ಆಡಿ ಕೊನೆಯ ಹದಿನಾರರ ಹಂತದವರೆಗೂ ತಲುಪಿದರು. ಸ್ಕ್ವಾಷ್‌ನಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಅಲಿ ಫರಾಗ್ ಹಾರ್ವರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಆದರೆ ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಒಂದು ವ್ಯತ್ಯಾಸ ಗಮನಿಸಬೇಕು. ಕೈರೋ ಮತ್ತು ಅಲೆಕ್ಸಾಂಡ್ರಿಯದ ಕ್ಲಬ್ಬುಗಳಲ್ಲಿ ಸ್ಕ್ವಾಷ್ ತಲೆಮಾರುಗಳಿಂದ ಬೇರೂರಿದೆ. 1882ರಷ್ಟು ಹಳೆಯದಾದ ಗೆಜಿರಾ ಕ್ಲಬ್ಬಿನಂಥ ಕಡೆ ಅಪ್ಪ ಅಮ್ಮ ಚಹಾ ಕುಡಿಯುತ್ತಿರುವಾಗ ಮಕ್ಕಳು ಪಕ್ಕದ ಅಂಗಳದಲ್ಲಿ ಆಡುತ್ತಾ ಬೆಳೆಯುತ್ತಾರೆ. ಸ್ಕ್ವಾಷ್ ಚೆನ್ನಾಗಿ ಆಡಿದರೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಕೈಬೀಸಿ ಕರೆಯುತ್ತವೆ, ಅಲ್ಲಿ ಓದೂ ಆಟವೂ ಒಂದೇ ವ್ಯವಸ್ಥೆಯೊಳಗೆ ಸಾಗುತ್ತವೆ. ಬ್ಯಾಡ್ಮಿಂಟನ್ ಆಡುವವರಿಗೆ ಅಮೆರಿಕದ ಕಾಲೇಜು ಕ್ರೀಡಾ ವ್ಯವಸ್ಥೆಯಲ್ಲಿ ಅಂಥ ಬಾಗಿಲು ತೆರೆದಿಲ್ಲ; ಈಜಿಪ್ಟಿನಲ್ಲಿಯೂ ಅದು ಸ್ಕ್ವಾಷ್‌ನಷ್ಟು ಜನ ನೋಡುವ ಆಟವಲ್ಲ. ಬಾತ್ ವಿಶ್ವವಿದ್ಯಾಲಯದಂತೆ ಓದಿನ ಪಕ್ಕದಲ್ಲೇ ಬ್ಯಾಡ್ಮಿಂಟನ್ ತರಬೇತಿ ಇರುವ ಜಾಗವನ್ನು ಹಾದಿಯಾ ತಾವೇ ಹುಡುಕಿಕೊಳ್ಳಬೇಕಾಯಿತು. ನೇಗಿಲ ಸಾಲು ಇರುವ ಹೊಲದಲ್ಲಿ ಬಿತ್ತುವುದಕ್ಕೂ, ಬೀಳುಭೂಮಿಯನ್ನು ಹಸನು ಮಾಡಿ ಬಿತ್ತುವುದಕ್ಕೂ ಎಷ್ಟು ಅಂತರವಿದೆ ಎಂಬುದು ನಮ್ಮ ಸೀಮೆಯ ಓದುಗರಿಗೆ ಗೊತ್ತು.

ಲಂಡನ್ನಿನ ವೆಂಬ್ಲಿ ಅರೇನಾದಲ್ಲಿ ಹಾದಿಯಾ ಸಿಂಗಲ್ಸ್ ಆಡಿದ ಅದೇ ವಾರ, ಅದೇ ಸಭಾಂಗಣದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಜೊತೆ ಡಬಲ್ಸ್ ಆಡುತ್ತಿದ್ದರು. ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರೂ ಅಂಕಗಳ ಅಂತರದಿಂದ ಅವರಿಗೆ ಕ್ವಾರ್ಟರ್ ಫೈನಲ್ ತಪ್ಪಿತು. ಅದು ಬಹಳ ಓದುಗರಿಗೆ ಇಂದಿಗೂ ನೆನಪಿದೆ. ಏಕೆಂದರೆ ಆಗ ಪತ್ರಿಕೆಗಳು ಆ ಅಂತರದ ಲೆಕ್ಕವನ್ನು ಬಿಡಿಸಿ ಬಿಡಿಸಿ ಬರೆದಿದ್ದವು. ಗುಂಪಿನ ಹಂತದಲ್ಲೇ ಹೊರಬಿದ್ದ ಜೋಡಿಯೊಂದರ ಬಗ್ಗೆ ಬರೆಯಲು ಜಾಗವಿದೆ, ಓದಲು ಜನರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ ಸಂಗತಿ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಬಿ.ಫಾರ್ಮ್ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ವಿಶ್ವವಿದ್ಯಾಲಯದ ಷಟಲ್ ತಂಡಕ್ಕೆ ಆಯ್ಕೆಯಾದಳು. ನಮ್ಮ ಕೋರ್ಸಿನ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ, ತರಗತಿಗೆ ಬೇರೆ, ಪ್ರಾಯೋಗಿಕಕ್ಕೆ ಬೇರೆ, ಶೇ 80 ಹಾಜರಾತಿ ಇರಬೇಕು. ಎರಡು ಟೂರ್ನಿಗಳಿಗೆ ಹೋಗಿ ಬಂದ ಅವಳಿಗೆ ಪ್ರಾಯೋಗಿಕ ತರಗತಿಗಳಲ್ಲಿ ಹಾಜರಾತಿ ಕಡಿಮೆ ಬಿತ್ತು. "ಎರಡು ದೋಣಿಯಲ್ಲಿ ಕಾಲಿಟ್ಟರೆ ಹೀಗೇ ಆಗೋದು" ಎಂದು ಹಿರಿಯರೊಬ್ಬರು ಅವಳ ಮುಖದೆದುರೇ ಹೇಳಿದರು. ಆಗ ನಾನು ಅಲ್ಲೇ ಇದ್ದೆ, ಏನೂ ಹೇಳಲಿಲ್ಲ. ತಪ್ಪಿದ ಪ್ರಯೋಗಗಳನ್ನು ಎರಡು ಭಾನುವಾರ ಮಾಡಿಸಿದ್ದರೆ ಸಾಕಿತ್ತು, ಅದಕ್ಕೆ ನಾನೇ ಮುಂದಾಗಬಹುದಿತ್ತು ಎಂಬ ಯೋಚನೆ ನನಗೆ ಬಂದದ್ದು ಅವಳು ರ‍್ಯಾಕೆಟನ್ನು ಊರಿಗೆ ಕೊಂಡುಹೋಗಿ ತಮ್ಮನಿಗೆ ಕೊಟ್ಟ ಮೇಲೆ. ಹಾದಿಯಾ ಹೊಸ್ನಿ ಅವರ ಬಗ್ಗೆ ನಾನು ಓದಿದ್ದು ಅದಾದ ನಂತರ. ಮೊದಲೇ ಓದಿದ್ದರೆ, ನಮ್ಮದೇ ವಿಷಯ ಕಲಿಸುವ ಒಬ್ಬರು ಕೈರೋದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ ಎಂದು ಆ ಹಿರಿಯರಿಗೆ ಹೇಳುವ ಧೈರ್ಯವಾದರೂ ನನಗೆ ಬರುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಒಲಿಂಪಿಕ್ಸ್ ಅಥವಾ ಏಷ್ಯನ್ ಕ್ರೀಡಾಕೂಟ ಬಂದಾಗ, ಪದಕ ಗೆದ್ದವರ ಸಂದರ್ಶನಗಳ ನಡುವೆ ವಾರಕ್ಕೊಂದು ಅರ್ಧ ಕಾಲಮ್ಮನ್ನು ಮೊದಲ ಹಂತದಲ್ಲೇ ಹೊರಬಿದ್ದ ಒಬ್ಬರಿಗೆ ಮೀಸಲಿಡಿ. ಅವರು ಬೇರೆ ದೇಶದವರಾದರೂ ಸರಿ. ಆಟದ ಹೊರಗೆ ಅವರು ಏನು ಓದುತ್ತಾರೆ, ಎಲ್ಲಿ ದುಡಿಯುತ್ತಾರೆ, ರಜೆ ಹೇಗೆ ಸಿಗುತ್ತದೆ, ಅವರಿಲ್ಲದಾಗ ಅವರ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಕೇಳಿ ಬರೆಯಿರಿ. ಮೊದಲ ಕಂತು ಹಾದಿಯಾ ಹೊಸ್ನಿ ಅವರ ಕುರಿತೇ ಆಗಿದ್ದರೆ ಅದನ್ನು ಕತ್ತರಿಸಿ ನಮ್ಮ ವಿಭಾಗದ ಸೂಚನಾ ಫಲಕದಲ್ಲಿ, ಹಾಜರಾತಿ ಕೊರತೆಯವರ ಪಟ್ಟಿಯ ಪಕ್ಕದಲ್ಲಿ, ನಾನೇ ಅಂಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಫಾರ್ಮಕಾಲಜಿ ಅಧ್ಯಾಪಕಿ,
ದಾವಣಗೆರೆ